ಹಾಪ್ ಘಮದ ಪಿಲ್ಸ್ನರ್ ಸವಿಯುವುದು ಹೇಗೆ: ಮೂಗಿನಿಂದ ಗಂಟಲವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮ್ಯೂನಿಕ್‌ನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ಹಾಲರ್ಟೌ ಎಂಬ ಸೀಮೆ ಸಿಗುತ್ತದೆ. ಆಗಸ್ಟ್ ಕೊನೆಯಲ್ಲಿ, ಕೊಯ್ಲು ಶುರುವಾದಾಗ, ಅಲ್ಲಿ ದಾರಿ ಕೇಳಬೇಕಾಗಿಲ್ಲ. ಕಾರಿನ ಕಿಟಕಿ ಇಳಿಸಿದರೆ ಸಾಕು, ವಾಸನೆಯೇ ಕರೆದುಕೊಂಡು ಹೋಗುತ್ತದೆ. ಏಳು ಮೀಟರ್ ಎತ್ತರದ ಕಂಬಗಳು, ಅವುಗಳ ನಡುವೆ ಬಿಗಿದ ತಂತಿಗಳು, ಆ ತಂತಿಗಳ ತುಂಬ ಹಾಪ್ ಬಳ್ಳಿ. ಅದು ನಮ್ಮ ಕಾಳುಮೆಣಸಿನ ಬಳ್ಳಿಯ ಹಾಗೆ ಬೇರು ಬಿಟ್ಟು ಮರಕ್ಕೆ ಅಂಟಿಕೊಳ್ಳುವುದಿಲ್ಲ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿಯೇ ತಂತಿಯನ್ನು ಸುತ್ತುತ್ತ ಏರುತ್ತದೆ. ಜರ್ಮನಿಗೆ ಬಂದ ಮೊದಲ ವರ್ಷ ಅಲ್ಲಿನ ರೈತರೊಬ್ಬರು ನನ್ನ ಕೈಗೆ ಒಂದು ಹಾಪ್ ಗೊಂಡೆ ಕೊಟ್ಟು ಉಜ್ಜಲು ಹೇಳಿದರು. ಹಸಿರು ಎಸಳುಗಳ ಬುಡದಲ್ಲಿದ್ದ ಪುಡಿ ಬೆರಳಿಗೆ ಅಂಟಿತು. ಅರಿಸಿನದಷ್ಟು ಹಳದಿ, ಹಲಸಿನ ಮೇಣದಂತೆ ಜಿಗುಟು. ಅದರ ಹೆಸರು ಲುಪ್ಯುಲಿನ್. ಬಿಯರಿನ ಕಹಿಯೂ ಘಮವೂ ಇರುವುದು ಅದರಲ್ಲಿಯೇ. ಆ ದಿನ ಸಂಜೆಯವರೆಗೂ ನನ್ನ ಅಂಗೈಯಲ್ಲಿ ಒಣಹುಲ್ಲು, ನಿಂಬೆಸಿಪ್ಪೆ ಮತ್ತು ಕಾಳುಮೆಣಸಿನ ವಾಸನೆ ಇತ್ತು.

ಪಿಲ್ಸ್ನರ್ ಎಂದರೆ ತಿಳಿ ಹೊಂಬಣ್ಣದ ಒಂದು ಬಗೆಯ ಬಿಯರ್. ಹಾಪ್ ತುಂಬಿದ ಪಿಲ್ಸ್ನರನ್ನು ಸವಿಯುವಾಗ ನಾನು ಮಾಡುವುದು ಎರಡೇ ಕೆಲಸ. ಆ ಅಂಗೈಯ ವಾಸನೆ ಲೋಟದಲ್ಲಿ ಎಷ್ಟು ಉಳಿದಿದೆ ಎಂದು ಹುಡುಕುತ್ತೇನೆ. ನುಂಗಿದ ಮೇಲೆ ಕಹಿ ಹೇಗೆ ಕೊನೆಗೊಳ್ಳುತ್ತದೆ ಎಂದು ಕಾಯುತ್ತೇನೆ. ಎರಡನೆಯದು ಹೆಚ್ಚು ಮುಖ್ಯ. ಬಹುತೇಕರು ಅದಕ್ಕೆ ಅವಕಾಶವನ್ನೇ ಕೊಡದೆ ಮುಂದಿನ ಗುಟುಕಿಗೆ ಹೋಗಿಬಿಡುತ್ತಾರೆ.

ಕುಡಿಯುವ ವಯಸ್ಸಾಗಿದ್ದು, ಆ ದಿನ ವಾಹನ ಓಡಿಸುವುದಿಲ್ಲ ಎಂದಾದರೆ ಮಾತ್ರ ಮುಂದಿನದನ್ನು ಮಾಡಿ ನೋಡಿ. ರುಚಿ ನೋಡಲು ಒಂದು ಬಗೆಗೆ 100 ಮಿಲಿಲೀಟರ್ ಸಾಕು.

ಯಾವ ಪಿಲ್ಸ್ನರ್?

ಪಿಲ್ಸ್ನರ್ ಹುಟ್ಟಿದ್ದು ಬೊಹೀಮಿಯಾದ, ಅಂದರೆ ಇಂದಿನ ಚೆಕ್ ದೇಶದ, ಪಿಲ್ಸೆನ್ ಊರಿನಲ್ಲಿ. ಅಲ್ಲಿನ ಬಿಯರ್ ಎಷ್ಟು ಕೆಟ್ಟಿತ್ತೆಂದರೆ 1838ರಲ್ಲಿ ಊರಿನವರು 36 ಪೀಪಾಯಿಗಳನ್ನು ಬೀದಿಗೆ ಚೆಲ್ಲಿದರು. ಆಮೇಲೆ ಊರವರೇ ಸೇರಿ ಹೊಸ ಬಿಯರ್ ಕಾರ್ಖಾನೆ ಕಟ್ಟಿ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬಿಯರ್ ತಯಾರಕನನ್ನು ಕರೆಸಿದರು. 1842ರ ಅಕ್ಟೋಬರ್ 5ರಂದು ಅವನು ಬೇಯಿಸಿದ ಮೊದಲ ಬಿಯರಿನಲ್ಲಿ ನಾಲ್ಕು ಒಳ್ಳೆಯ ಸಂಗತಿಗಳು ಕೂಡಿಬಂದವು: ತಿಳಿ ಬಣ್ಣದ ಬಾರ್ಲಿ ಮಾಲ್ಟ್, ಖನಿಜಾಂಶ ತೀರಾ ಕಡಿಮೆಯಿದ್ದ ಪಿಲ್ಸೆನ್ನಿನ ಮೆದು ನೀರು, ತಣ್ಣಗೆ ಹುದುಗುವ ಬವೇರಿಯಾದ ಯೀಸ್ಟ್ ಮತ್ತು ಪಕ್ಕದ ಝಾಟೆಟ್ಸ್ ಸೀಮೆಯ ಸಾಝ್ ಹಾಪ್. ಆ ಝಾಟೆಟ್ಸ್ ಊರು ಮತ್ತು ಅದರ ಹಾಪ್ ತೋಟಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಅಲ್ಲಿಂದ ಪಿಲ್ಸ್ನರ್ ಉತ್ತರ ಜರ್ಮನಿಗೆ ಹೋಗಿ ತೆಳುವಾಯಿತು, ಒಣವಾಯಿತು, ಕಹಿಯಾಯಿತು. ಯೇವರ್ ಊರಿನ ಪಿಲ್ಸ್ ಅದಕ್ಕೆ ಒಳ್ಳೆಯ ಮಾದರಿ. ಆದರೆ ನಾವು ಇವತ್ತು ಕ್ರಾಫ್ಟ್ ಪಿಲ್ಸ್ನರ್ ಎಂದು ಕರೆಯುವ ಘಮಘಮಿಸುವ ಬಗೆಗೆ ದಾರಿ ತೆರೆದದ್ದು ಇಟಲಿ. ಕೋಮೊ ಸರೋವರದ ಬಳಿಯ ಲುರಾಗೊ ಮರಿನೋನೆ ಎಂಬ ಸಣ್ಣ ಊರಿನಲ್ಲಿ, ಬಿರ್ರಿಫಿಚೊ ಇಟಾಲಿಯಾನೊದ ಆಗೊಸ್ಟಿನೊ ಅರಿಯೋಲಿ 1996ರಲ್ಲಿ ಟಿಪೊಪಿಲ್ಸ್ ಎಂಬ ಬಿಯರ್ ಮಾಡಿದರು. ಇಂಗ್ಲೆಂಡಿನ ಏಲ್ ಪೀಪಾಯಿಗಳಿಗೆ ಕೊನೆಯಲ್ಲಿ ಹಾಪ್ ಹಾಕುವ ಪದ್ಧತಿಯನ್ನು ಅವರು ತಣ್ಣನೆಯ ಪಿಲ್ಸ್ನರಿಗೆ ತಂದರು. ಇದನ್ನು ಡ್ರೈ ಹಾಪಿಂಗ್ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಫೈರ್‌ಸ್ಟೋನ್ ವಾಕರ್ ಸಂಸ್ಥೆಯ ಪಿವೊ ಪಿಲ್ಸ್‌ಗೆ ಸ್ಫೂರ್ತಿ ಇದೇ ಟಿಪೊಪಿಲ್ಸ್.

ಇದರ ಹಿಂದಿನ ಕಾರಣವನ್ನು ತಿಳಿದುಕೊಂಡರೆ ಸವಿಯುವ ಕ್ರಮವೂ ಸುಲಭವಾಗುತ್ತದೆ. ಹಾಪ್‌ನಲ್ಲಿರುವ ಆಲ್ಫಾ ಆಮ್ಲಗಳು ಕುದಿಯುವ ದ್ರವದಲ್ಲಿ ರೂಪ ಬದಲಿಸಿ ಐಸೊ ಆಲ್ಫಾ ಆಮ್ಲಗಳಾದಾಗ ಮಾತ್ರ ಪೂರ್ತಿ ಕಹಿ ಬಿಡುತ್ತವೆ. ಘಮದ ಎಣ್ಣೆಗಳಾದರೋ ಅದೇ ಕುದಿತದಲ್ಲಿ ಆವಿಯಾಗಿ ಹೋಗುತ್ತವೆ. ನಾವು ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವುದು ಯಾವ ಕಾರಣಕ್ಕೋ, ಅರಿಯೋಲಿ ತಣ್ಣಗಾದ ಬಿಯರಿಗೆ ಹಾಪ್ ಹಾಕಿದ್ದೂ ಅದೇ ಕಾರಣಕ್ಕೆ. ಹೀಗಾಗಿ ಒಂದು ಪಿಲ್ಸ್ನರಿನಲ್ಲಿ ಕಹಿ ಮತ್ತು ಘಮ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಹಾಪ್‌ನಿಂದ ಬಂದಿರಬಹುದು. ಅವನ್ನು ಬೇರೆ ಬೇರೆಯಾಗಿಯೇ ಗಮನಿಸಬೇಕು.

ಕೊಳ್ಳುವಾಗ

ಮೊದಲು ದಿನಾಂಕ ನೋಡಿ. ಬಾಟಲಿಗೆ ತುಂಬಿದ ದಿನಾಂಕ ಮುದ್ರಿಸಿದವರ ಬಿಯರಿಗೆ ನಾನು ಮೊದಲ ಮಣೆ ಹಾಕುತ್ತೇನೆ. ಹಾಪ್ ಘಮದ ಪಿಲ್ಸ್ನರನ್ನು ತುಂಬಿದ ಎರಡು ಮೂರು ತಿಂಗಳೊಳಗೆ ಕುಡಿಯಬೇಕು. ‘ಇಂಥ ದಿನದೊಳಗೆ ಬಳಸಿ’ ಎಂಬ ಒಂದೇ ದಿನಾಂಕವಿದ್ದರೆ ಅದು ಬಿಯರ್ ಹಾಳಾಗುವ ದಿನವನ್ನು ಹೇಳುತ್ತದೆಯೇ ಹೊರತು ಘಮ ಮಾಸುವ ದಿನವನ್ನಲ್ಲ.

ಎರಡನೆಯದು ಗಾಜಿನ ಬಣ್ಣ, ಏಕೆಂದರೆ ಬೆಳಕು ತಾಗಿದರೆ ಬಿಯರಿನ ವಾಸನೆ ಕೆಡುತ್ತದೆ. ಕ್ಯಾನ್ ಉತ್ತಮ, ಕಂದು ಗಾಜು ಪರವಾಗಿಲ್ಲ, ಹಸಿರು ಅಥವಾ ಬಿಳಿ ಗಾಜು ಬೇಡ. ಅಂಗಡಿಯ ಕಿಟಕಿಯ ಬಳಿ, ದೀಪದ ಕೆಳಗೆ ಜೋಡಿಸಿಟ್ಟ ಹಸಿರು ಬಾಟಲಿ ಎಷ್ಟೇ ಒಳ್ಳೆಯ ಹೆಸರಿನದಾದರೂ ನಾನು ಮುಟ್ಟುವುದಿಲ್ಲ. ತಂಪು ಪೆಟ್ಟಿಗೆಯಲ್ಲಿಟ್ಟು ಮಾರುವ ಅಂಗಡಿ ಸಿಕ್ಕರೆ ನಾಲ್ಕು ಹೆಜ್ಜೆ ಹೆಚ್ಚು ನಡೆದು ಅಲ್ಲಿಗೇ ಹೋಗಿ.

ಬೆಂಗಳೂರಿನಲ್ಲಿರುವವರಿಗೆ ಮೈಕ್ರೋಬ್ರೂವರಿಗಳಿವೆ, ಅಂದರೆ ತಾವೇ ಬಿಯರ್ ಮಾಡಿ ಅಲ್ಲೇ ಬಡಿಸುವ ಜಾಗಗಳು. ಅಲ್ಲಿ ಟ್ಯಾಂಕಿನಿಂದ ನೇರವಾಗಿ ಲೋಟಕ್ಕೆ ಬರುವುದರಿಂದ ಹಳತಾಗುವ ಚಿಂತೆ ಕಡಿಮೆ. ಆದರೆ ಪಿಲ್ಸ್ನರ್ ಹುದುಗಿದ ಮೇಲೂ ತಣ್ಣನೆಯ ಟ್ಯಾಂಕಿನಲ್ಲಿ ವಾರಗಟ್ಟಲೆ ಮಾಗಬೇಕು. ‘ಇದು ಎಷ್ಟು ವಾರ ಟ್ಯಾಂಕಿನಲ್ಲಿತ್ತು? ಯಾವ ಹಾಪ್ ಹಾಕಿದ್ದೀರಿ? ಡ್ರೈ ಹಾಪ್ ಮಾಡಿದ್ದೀರಾ?’ ಎಂದು ಸಂಕೋಚವಿಲ್ಲದೆ ಕೇಳಿ. ತಯಾರಕರು ಎದುರಿಗೆ ಸಿಕ್ಕರೆ ಈ ಮೂರು ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರ ಹೇಳುತ್ತಾರೆ.

ಲೋಟ, ತಂಪು, ಸುರಿಯುವ ಕೈ

ಲೋಟ ಉದ್ದವಾಗಿ, ಬಾಯಿಯ ಕಡೆ ಸ್ವಲ್ಪ ಕಿರಿದಾಗಿದ್ದರೆ ಒಳ್ಳೆಯದು. ಘಮ ಒಳಗೇ ನಿಲ್ಲುತ್ತದೆ. ಮನೆಯಲ್ಲಿ ವೈನ್ ಲೋಟವಿದ್ದರೆ ಅದೇ ಸಾಕು. ಆಕಾರಕ್ಕಿಂತ ಶುಚಿ ಮುಖ್ಯ. ಪಾತ್ರೆ ತೊಳೆಯುವ ಸೋಪಿನ ಪಸೆಯೋ ಎಣ್ಣೆಯ ಜಿಡ್ಡೋ ಒಂದಿಷ್ಟು ಉಳಿದರೂ ನೊರೆ ಸಾಯುತ್ತದೆ. ಪರೀಕ್ಷಿಸಲು ಒದ್ದೆ ಲೋಟದ ಒಳಗೆ ಪುಡಿಯುಪ್ಪು ಉದುರಿಸಿ ನೋಡಿ. ಉಪ್ಪು ಎಲ್ಲೆಡೆ ಸಮನಾಗಿ ಅಂಟಿದರೆ ಲೋಟ ಶುಚಿ. ಅಂಟದೆ ಬಿಟ್ಟ ಜಾಗದಲ್ಲಿ ಜಿಡ್ಡು ಇದೆ. ಮತ್ತೆ ತೊಳೆದು, ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಆರಲು ಬಿಡಿ. ಬಟ್ಟೆಯ ವಾಸನೆಯೂ ಮೂಗಿಗೆ ಅಡ್ಡಬರುತ್ತದೆ. ಫ್ರೀಜರಿನಲ್ಲಿಟ್ಟು ಹಿಮಗಟ್ಟಿಸಿದ ಲೋಟ ಖಂಡಿತ ಬೇಡ.

ಬಿಯರ್ 6ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಫ್ರಿಜ್‌ನಿಂದ ತೆಗೆದ ಕೂಡಲೇ ಅದು ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಚಳಿಯಲ್ಲಿ ಹಾಪ್ ಎಣ್ಣೆಗಳು ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟಿರುತ್ತದೆ. ಹತ್ತು ನಿಮಿಷ ಹೊರಗಿಟ್ಟು ಕಾಯಿರಿ. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಒಂದೆರಡು ಸಲ ಅಳೆದು ನೋಡಿ. ಆಮೇಲೆ ಬಾಟಲಿ ಮುಟ್ಟಿದರೆ ಕೈಗೇ ತಿಳಿಯುತ್ತದೆ.

ಸುರಿಯುವಾಗ ಲೋಟವನ್ನು ಓರೆ ಹಿಡಿದು ಅರ್ಧದವರೆಗೆ ನಿಧಾನವಾಗಿ ಇಳಿಸಿ. ಆಮೇಲೆ ಲೋಟ ನೆಟ್ಟಗೆ ಮಾಡಿ ನಡುವಿಗೆ ಬೀಳುವಂತೆ ಸುರಿದು ಎರಡು ಮೂರು ಬೆರಳಿನಷ್ಟು ನೊರೆ ಎಬ್ಬಿಸಿ. ‘ಬಿಯರ್ ಕೊಡಿ ಎಂದರೆ ನೊರೆ ಕೊಟ್ಟರು’ ಎಂದು ನಮ್ಮಲ್ಲಿ ಸಿಡುಕುವವರು ಹೆಚ್ಚು. ಚೆಕ್ ದೇಶದಲ್ಲಿ ಒದ್ದೆಯಾದ ದಟ್ಟ ನೊರೆಯೇ ಒಳ್ಳೆಯ ಸುರಿತದ ಗುರುತು. ಮ್ಲೀಕೊ, ಅಂದರೆ ಹಾಲು, ಎಂಬ ಹೆಸರಿನಲ್ಲಿ ಲೋಟದ ತುಂಬ ಬರೀ ನೊರೆಯನ್ನೇ ಸುರಿದುಕೊಡುವ ಪದ್ಧತಿಯೂ ಅಲ್ಲಿದೆ. ನೊರೆ ಗಾಳಿಯನ್ನು ತಡೆಯುತ್ತದೆ, ಹೆಚ್ಚುವರಿ ಅನಿಲವನ್ನು ಹೊರಹಾಕಿ ಬಿಯರನ್ನು ಮೃದುವಾಗಿಸುತ್ತದೆ. ಹಾಪ್‌ನ ಕಹಿ ಅಂಶಗಳು ನೊರೆಯಲ್ಲಿ ಹೆಚ್ಚು ಸೇರಿಕೊಳ್ಳುತ್ತವೆ. ಒಂದು ಚಮಚ ನೊರೆ ತೆಗೆದು ನೆಕ್ಕಿ ನೋಡಿ: ಕೆಳಗಿನ ಬಿಯರಿಗಿಂತ ಅದೇ ಹೆಚ್ಚು ಕಹಿ.

ಕಣ್ಣಿಗೆ ಹೆಚ್ಚು ಕೆಲಸವಿಲ್ಲ. ಬಣ್ಣ ಒಣಹುಲ್ಲಿನಿಂದ ಹೊಂಬಣ್ಣದವರೆಗೆ ಇರಬಹುದು. ಡ್ರೈ ಹಾಪ್ ಮಾಡಿದ, ಸೋಸದ ಪಿಲ್ಸ್ನರಿನಲ್ಲಿ ತುಸು ಮಬ್ಬು ಇದ್ದರೆ ತಪ್ಪಲ್ಲ. ಎಳನೀರಿನಷ್ಟು ಮಬ್ಬು ಸರಿ, ಮಜ್ಜಿಗೆಯಂತೆ ಇದ್ದರೆ ಅದು ಪಿಲ್ಸ್ನರ್ ಅಲ್ಲ. ಕುಡಿದಂತೆಲ್ಲ ಗಾಜಿನ ಒಳಮೈಯಲ್ಲಿ ನೊರೆ ಬಳೆಬಳೆಯಾಗಿ ಉಳಿಯುತ್ತಿದ್ದರೆ ಲೋಟವೂ ಶುಚಿ, ಬಿಯರೂ ಚೆನ್ನಾಗಿದೆ.

ಮೂಗು

ಇಲ್ಲಿ ಅವಸರ ಮಾಡಬೇಡಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ವೀಳ್ಯ, ಖಾರದ ತಿಂಡಿ, ಊದುಬತ್ತಿ, ಸುಗಂಧ ಇವೆಲ್ಲ ದೂರವಿರಲಿ. ಸುರಿದ ಕೂಡಲೇ ಮೊದಲ ಸಲ ಮೂಸಿ. ಅದು ಎರಡು ಸಣ್ಣ ಉಸಿರು, ಅಷ್ಟೇ. ಬೇಗ ಹಾರಿಹೋಗುವ ವಾಸನೆಗಳು ಆಗಷ್ಟೇ ಸಿಗುತ್ತವೆ. ಅರೆನಿಮಿಷ ಬಿಟ್ಟು ಹುಡುಕಿದರೆ ಇರುವುದಿಲ್ಲ. ಆಮೇಲೆ ಲೋಟವನ್ನು ಮೆಲ್ಲಗೆ ಸುತ್ತಾಡಿಸಿ, ಅಂಗೈಯಿಂದ ಬಾಯಿ ಮುಚ್ಚಿ, ಹತ್ತು ಎಣಿಸಿ, ಕೈ ತೆಗೆದು ಮತ್ತೆ ಮೂಸಿ. ಮೂಗು ದಣಿದು ಏನೂ ತಿಳಿಯದಂತಾದರೆ ನಿಮ್ಮದೇ ಮೊಣಕೈಯ ಒಳಭಾಗವನ್ನು ಮೂಸಿ. ಸ್ವಂತ ಮೈವಾಸನೆಗೆ ಮೂಗು ಒಗ್ಗಿಕೊಂಡಿರುವುದರಿಂದ ಅದು ಮತ್ತೆ ಚುರುಕಾಗುತ್ತದೆ.

ಬಂದ ವಾಸನೆಗೆ ಹೆಸರಿಡುವುದು ಮುಂದಿನ ಹೆಜ್ಜೆ. ಯುರೋಪಿನ ರುಚಿಪಟ್ಟಿಗಳಲ್ಲಿ ಬರುವ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿಗಳನ್ನು ಉರುಹೊಡೆಯಬೇಕಾಗಿಲ್ಲ. ನಮ್ಮ ಅಡುಗೆಮನೆ ಮತ್ತು ಹೂವಿನ ಅಂಗಡಿ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಇದು ಹೋಲಿಕೆಯ ಮಾತಷ್ಟೇ ಅಲ್ಲ, ಎಷ್ಟೋ ಕಡೆ ವಸ್ತುವೇ ಒಂದು. ಹಾಪ್‌ನ ಲಿನಲೂಲ್ ಎಂಬ ಘಮದ ವಸ್ತು ಕೊತ್ತಂಬರಿ ಬೀಜದಲ್ಲಿಯೂ ಇದೆ. ಎರಡು ಬೀಜ ಹಲ್ಲಿನಲ್ಲಿ ಒಡೆದು ನೋಡಿದರೆ ಆ ಹೂವಿನಂಥ ಘಮ ತಿಳಿಯುತ್ತದೆ. ಕ್ಯಾರಿಯೊಫಿಲೀನ್ ಕಾಳುಮೆಣಸಿನಲ್ಲಿದೆ. ಮಿರ್ಸೀನ್ ಮಾವಿನಕಾಯಿಯ ಸೊನೆಯಲ್ಲೂ ಮಜ್ಜಿಗೆಹುಲ್ಲಿನಲ್ಲೂ ಇದೆ. ಜೆರಾನಿಯಾಲ್ ಗುಲಾಬಿಯಲ್ಲಿದೆ. ಸವಿಯುವ ಹಿಂದಿನ ದಿನ ಇವನ್ನೆಲ್ಲ ಪುಟ್ಟ ಬಟ್ಟಲುಗಳಲ್ಲಿಟ್ಟು, ಕಣ್ಣು ಮುಚ್ಚಿ ಒಂದೊಂದಾಗಿ ಮೂಸಿದರೆ ಅರ್ಧ ಪಾಠ ಮುಗಿದಂತೆ. ನನ್ನ ಹೆಂಡತಿ ಈ ಆಟದಲ್ಲಿ ಎಂದೂ ಸೋತಿಲ್ಲ. ಸಾರಿನಪುಡಿ ಹುರಿದ ಮೂಗಿಗೆ ತರಬೇತಿ ಆಗಲೇ ಆಗಿರುತ್ತದೆ.

ಸಾಝ್ ಹಾಪ್‌ನಲ್ಲಿ ಮಣ್ಣು, ಒಣಗಿದ ಗಿಡಮೂಲಿಕೆ, ಹಗುರ ಮಸಾಲೆಯ ವಾಸನೆ ಸಿಗುತ್ತದೆ. ನನಗೆ ದವನ ನೆನಪಾಗುತ್ತದೆ. ಹಾಲರ್ಟೌ ಮಿಟ್ಟೆಲ್‌ಫ್ರೂ ಮತ್ತು ಟೆಟ್‌ನಾಂಗ್‌ಗಳಲ್ಲಿ ಹೂವು, ಹಸಿ ಹುಲ್ಲು ಹೆಚ್ಚು. ನ್ಯೂಜಿಲೆಂಡಿನ ಮೊಟುಎಕಾ ಸಾಝ್ ವಂಶದ್ದೇ, ಆದರೆ ನಿಂಬೆಯ ಕಡೆ ವಾಲುತ್ತದೆ. ನೆಲ್ಸನ್ ಸೊವಿನ್‌ನಲ್ಲಿ ಬಿಳಿ ದ್ರಾಕ್ಷಿ ವೈನಿನ ಛಾಯೆ. ಹಾಪ್ ಘಮದ ಅಡಿಯಲ್ಲಿ ಮಾಲ್ಟ್ ಇರಲೇಬೇಕು: ಬ್ರೆಡ್‌ನ ತಿರುಳು, ಮೊಳಕೆ ಕಟ್ಟಿ ಒಣಗಿಸಿದ ಧಾನ್ಯ, ತುಸು ಜೇನು. ರಾಗಿ ಮಾಲ್ಟ್ ಬೀಸಿದ ದಿನ ಗಿರಣಿಯ ಮುಂದೆ ನಿಂತಿದ್ದವರಿಗೆ ಈ ವಾಸನೆ ಹೊಸದಲ್ಲ. ಜರ್ಮನ್ ಬಗೆಯಲ್ಲಿ ಬೆಂಕಿಕಡ್ಡಿ ಗೀರಿದಂಥ ಗಂಧಕದ ಎಳೆ ಒಂದು ಕ್ಷಣ ಬಂದು ಹೋಗಬಹುದು. ಅದು ಯೀಸ್ಟ್‌ನ ಗುಣ, ದೋಷವಲ್ಲ.

ಗುಟುಕು: ಕಹಿಯೇ, ಒಗರೇ?

ಮೊದಲ ಗುಟುಕಿನ ಮೇಲೆ ತೀರ್ಮಾನ ಕೊಡಬೇಡಿ. ಅದು ಬಾಯಿಯನ್ನು ಸಿದ್ಧಗೊಳಿಸುವುದಕ್ಕೆ. ಎರಡನೆಯದನ್ನು ಸ್ವಲ್ಪ ದೊಡ್ಡದಾಗಿ ತೆಗೆದುಕೊಂಡು, ನಾಲಿಗೆಯ ಎಲ್ಲ ಬದಿಗೂ ತಾಗುವಂತೆ ಮೂರು ನಾಲ್ಕು ಸೆಕೆಂಡ್ ಹೊರಳಾಡಿಸಿ ನುಂಗಿ. ವೈನ್ ಪರೀಕ್ಷಕರು ಉಗುಳುತ್ತಾರೆ, ಬಿಯರ್ ಪರೀಕ್ಷಕರು ನುಂಗುತ್ತಾರೆ. ನುಂಗಿದ ಕೂಡಲೇ ಬಾಯಿ ಮುಚ್ಚಿಯೇ ಮೂಗಿನಿಂದ ಉಸಿರು ಬಿಡಿ. ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ಘಮ ಲೋಟದಿಂದ ನೇರವಾಗಿ ಬಂದದ್ದಕ್ಕಿಂತ ಬೇರೆಯಾಗಿರುತ್ತದೆ. ಡ್ರೈ ಹಾಪ್ ಮಾಡಿದ ಪಿಲ್ಸ್ನರ್ ತನ್ನ ನಿಜವಾದ ಸೊಗಸನ್ನು ತೋರಿಸುವುದು ಈ ಉಸಿರಿನಲ್ಲಿ.

ಇನ್ನು ಕಹಿ. ಸಿಹಿ, ಹುಳಿಗಳಂತೆ ಅದು ತಟ್ಟನೆ ಬಂದು ಹೋಗುವುದಿಲ್ಲ. ನಿಧಾನವಾಗಿ ಬರುತ್ತದೆ, ನುಂಗಿದ ಮೇಲೂ ಏರುತ್ತದೆ, ಆಮೇಲೆ ಇಳಿಯುತ್ತದೆ. ಗುಟುಕಿನಿಂದ ಗುಟುಕಿಗೆ ಕೂಡುತ್ತಲೂ ಹೋಗುತ್ತದೆ. ಹಾಗಾಗಿ ಮೂರನೆಯ ಗುಟುಕಿನ ನಂತರ ಲೋಟ ಕೆಳಗಿಟ್ಟು, ಮಾತಾಡದೆ, ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ. ಎಷ್ಟರಲ್ಲಿ ಕಹಿ ತುದಿ ಮುಟ್ಟಿತು? ಎಷ್ಟರಲ್ಲಿ ಇಳಿಯತೊಡಗಿತು? ಇಳಿದ ಮೇಲೆ ಬಾಯಿ ಸ್ವಚ್ಛವಾಯಿತೇ, ಇನ್ನೊಂದು ಗುಟುಕು ಕೇಳಿತೇ, ಅಥವಾ ನಾಲಿಗೆಯ ಬುಡದಲ್ಲಿ ಕಹಿ ಕೆರೆಯುತ್ತ ಕೂತಿತೇ?

ಈ ಜಾಗದಲ್ಲಿ ಕನ್ನಡದ ನಾಲಿಗೆಗೆ ಒಂದು ಅನುಕೂಲವಿದೆ. ಇಲ್ಲಿ ಜರ್ಮನಿಯಲ್ಲಿ ನನ್ನೊಡನೆ ಸವಿಯುವ ಗೆಳೆಯರಲ್ಲಿ ಹಲವರು ಕಹಿಯನ್ನೂ ಒಗರನ್ನೂ ಒಂದೇ ಹೆಸರಿನಿಂದ ಕರೆದುಬಿಡುತ್ತಾರೆ. ನಮಗೆ ಚಿಕ್ಕಂದಿನಿಂದಲೂ ಅವು ಎರಡು. ಹಾಗಲಕಾಯಿ ಕಹಿ, ಬಾಳೆಕಾಯಿ, ಎಳೆ ಅಡಿಕೆ ಒಗರು. ಕಹಿ ರುಚಿ, ಒಗರು ಬಾಯಿಯ ಒಳಚರ್ಮ ಹಿಡಿದುಕೊಂಡಂತಾಗುವ ಸ್ಪರ್ಶ. ಒಳ್ಳೆಯ ಪಿಲ್ಸ್ನರಿನಲ್ಲಿ ಕಹಿ ಎಷ್ಟಾದರೂ ಇರಲಿ, ಒಗರು ಇರಬಾರದು. ಹಾಪ್ ಎಲೆಯ ಅಂಶ ಅತಿಯಾಗಿ ಇಳಿದಾಗ, ಮಾಲ್ಟ್ ಸಿಪ್ಪೆಯನ್ನು ಬಿಸಿನೀರಿನಲ್ಲಿ ಅತಿಯಾಗಿ ತೊಳೆದಾಗ ಅದು ಬರುತ್ತದೆ. ಕೆನ್ನೆಯ ಒಳಗೆ ನಾಲಿಗೆ ಆಡಿಸಿ ನೋಡಿ: ನುಣುಪಾಗಿದ್ದರೆ ಕಹಿ ಮಾತ್ರ, ತರಿತರಿ ಎನಿಸಿದರೆ ಒಗರೂ ಇದೆ.

ಕಹಿಯಲ್ಲೂ ಬಗೆಗಳಿವೆ. ಹುರಿದ ಮೆಂತ್ಯದ್ದು ದುಂಡಗಿನ ಕಹಿ, ಬೇಗ ಮುಗಿಯುತ್ತದೆ. ಬೇವಿನದು ಹಿಡಿದು ಬಿಡದ ಕಹಿ. ಸಾಝ್ ಹಾಕಿದ ಚೆಕ್ ಪಿಲ್ಸ್ನರಿನ ಕಹಿ ಮೊದಲನೆಯ ಜಾತಿಯದು. ಕೆಲವು ಬಾಟಲಿಗಳ ಮೇಲೆ ಐಬಿಯು ಎಂದು ಕಹಿಯ ಅಂಕಿ ಇರುತ್ತದೆ. ಸ್ಥೂಲವಾಗಿ ಒಂದು ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ ಐಸೊ ಆಲ್ಫಾ ಆಮ್ಲ ಎಂದರ್ಥ. ಅದನ್ನು ನಂಬಿ ಕೂರಬೇಡಿ. ಪಿಲ್ಸೆನ್ನಿನ ಮೂಲ ಬಿಯರಾದ ಪಿಲ್ಸ್ನರ್ ಉರ್ಕೆಲ್‌ನಲ್ಲಿ ಅದು 40ರ ಆಸುಪಾಸು, ಮದ್ಯಸಾರ ಶೇಕಡಾ 4.4. ಆದರೆ ಮಾಲ್ಟ್‌ನ ಉಳಿಕೆ ಸಿಹಿ ತಳದಲ್ಲಿರುವುದರಿಂದ ಕಹಿ ಮೃದುವಾಗಿ ಕಾಣುತ್ತದೆ. ಸರಿಸುಮಾರು ಅಷ್ಟೇ ಅಂಕಿಯ ಒಣ ಜರ್ಮನ್ ಪಿಲ್ಸ್ ಕುಡಿದಾಗ ಕಹಿ ಚೂಪಾಗಿ ನಿಲ್ಲುತ್ತದೆ.

ಬೆಚ್ಚಗಾಗಲು ಬಿಡಿ

ಲೋಟದ ಮೂರನೆಯ ಒಂದು ಭಾಗವನ್ನು ಉಳಿಸಿ ಇಪ್ಪತ್ತು ನಿಮಿಷ ಸುಮ್ಮನೆ ಇಡಿ. ಅದು 12 ಡಿಗ್ರಿಗೆ ಬಂದಾಗ ಮತ್ತೆ ಮೂಸಿ, ಕುಡಿಯಿರಿ. ಚಳಿ ಮರೆಮಾಡಿದ್ದೆಲ್ಲ ಈಗ ಹೊರಬರುತ್ತದೆ. ಚೆನ್ನಾಗಿ ಮಾಡಿದ ಪಿಲ್ಸ್ನರಿನಲ್ಲಿ ಮಾಲ್ಟ್ ಜೇನಿನತ್ತ ತಿರುಗುತ್ತದೆ, ಹಾಪ್ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಅರೆಬರೆ ಮಾಡಿದ್ದರಲ್ಲಿ ದೋಷಗಳು ಒಂದೊಂದಾಗಿ ಎದ್ದು ಕೂರುತ್ತವೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಡೈಮಿಥೈಲ್ ಸಲ್ಫೈಡ್. ಮಾಲ್ಟ್ ದ್ರವ ಸಾಕಷ್ಟು ರಭಸವಾಗಿ ಕುದಿದಿಲ್ಲ. ಬೆಣ್ಣೆಯ ವಾಸನೆ, ನಾಲಿಗೆಯ ಮೇಲೆ ಜಾರುವಿಕೆ ಇದ್ದರೆ ಡೈಅಸಿಟೈಲ್. ಚೆಕ್ ಬಗೆಯಲ್ಲಿ ತುಸು ಇದ್ದರೆ ಒಪ್ಪುತ್ತಾರೆ, ಉಳಿದೆಡೆ ಒಪ್ಪುವುದಿಲ್ಲ. ಹಸಿ ಸೇಬಿನ ವಾಸನೆ ಇದ್ದರೆ ಬಿಯರ್ ಮಾಗುವ ಮುನ್ನವೇ ಟ್ಯಾಂಕಿನಿಂದ ಹೊರಬಂದಿದೆ.

ಬೆಳಕು ತಾಗಿದ ಬಿಯರಿನ ದೋಷವನ್ನು ಮನೆಯಲ್ಲೇ ಕಲಿಯಬಹುದು. ಒಂದೇ ಬಾಟಲಿಯ ಬಿಯರನ್ನು ಎರಡು ಗಾಜಿನ ಲೋಟಗಳಿಗೆ ಸುರಿದು, ಒಂದನ್ನು ಬೀರುವಿನಲ್ಲಿ, ಇನ್ನೊಂದನ್ನು ನೇರ ಬಿಸಿಲಿನಲ್ಲಿ ಹದಿನೈದು ನಿಮಿಷ ಇಡಿ. ಬಿಸಿಲಿನ ಲೋಟ ಮೂಸಿದರೆ ಸುಟ್ಟ ರಬ್ಬರಿನ, ಅಡುಗೆ ಅನಿಲ ಸೋರಿದಂಥ ವಾಸನೆ ಬರುತ್ತದೆ. ಬೆಳಕು ಹಾಪ್‌ನ ಕಹಿ ಅಂಶವನ್ನು ಒಡೆದಾಗ ಹುಟ್ಟುವುದು ಥಯಾಲ್ ಜಾತಿಯ ಒಂದು ವಸ್ತು. ಸೋರಿಕೆ ತಿಳಿಯಲೆಂದು ಸಿಲಿಂಡರಿನ ಅನಿಲಕ್ಕೆ ಬೆರೆಸುವ ವಾಸನೆಯೂ ಅದೇ ಜಾತಿಯದು. ಹಾಪ್ ಹೆಚ್ಚಿದ್ದಷ್ಟೂ ಈ ಅಪಾಯ ಹೆಚ್ಚು. ನಮ್ಮ ಮನೆಯ ಬಾಲ್ಕನಿಯಲ್ಲಿ ಜೂನ್ ತಿಂಗಳ ಒಂದು ಮಧ್ಯಾಹ್ನ, ಮಾತಿನ ನಡುವೆ ಮರೆತ ಲೋಟವೊಂದರಿಂದ ನಾನು ಇದನ್ನು ಕಲಿತೆ. ಅದಾದ ಮೇಲೆ ನೆರಳಿಲ್ಲದ ಮೇಜಿನಲ್ಲಿ ಪಿಲ್ಸ್ನರ್ ಇಟ್ಟಿಲ್ಲ.

ಮೂರು ಲೋಟ ಪಕ್ಕಪಕ್ಕ

ಒಂದನ್ನೇ ಕುಡಿದರೆ ಇಷ್ಟವಾಯಿತೋ ಇಲ್ಲವೋ ಎಂದು ತಿಳಿಯುತ್ತದೆ. ಮೂರನ್ನು ಪಕ್ಕದಲ್ಲಿಟ್ಟರೆ ಏನು ಏನೆಂದು ತಿಳಿಯುತ್ತದೆ. ಒಂದು ಚೆಕ್, ಒಂದು ಉತ್ತರ ಜರ್ಮನಿಯದು, ಒಂದು ಡ್ರೈ ಹಾಪ್ ಮಾಡಿದ ಇಟಲಿಯ ಅಥವಾ ಕ್ರಾಫ್ಟ್ ಬಗೆಯದು. ಇದೇ ಕ್ರಮದಲ್ಲಿ ಕುಡಿಯಿರಿ. ಘಮ ಹೆಚ್ಚಿರುವುದನ್ನು ಮೊದಲು ಕುಡಿದರೆ ಉಳಿದೆರಡು ಸಪ್ಪೆಯೆನಿಸುತ್ತವೆ. ನಡುನಡುವೆ ನೀರು, ಉಪ್ಪು ಖಾರವಿಲ್ಲದ ಒಂದು ಹಿಡಿ ಮಂಡಕ್ಕಿ. ಬಾಯಿ ತೊಳೆಯಲು ಮಂಡಕ್ಕಿಯಷ್ಟು ನಿರುಪದ್ರವಿಯಾದ ತಿನಿಸನ್ನು ನಾನು ಬೇರೆ ಕಂಡಿಲ್ಲ. ಊರಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳುತ್ತೇನೆ. ನಿಪ್ಪಟ್ಟು, ಕಾಂಗ್ರೆಸ್ ಕಡಲೆಕಾಯಿ ಸವಿದು ಮುಗಿದ ಮೇಲೆ ಬರಲಿ. ಆಗ ಅವುಗಳ ಎಣ್ಣೆಯನ್ನು ಪಿಲ್ಸ್ನರಿನ ಕಹಿ ಕತ್ತರಿಸುವುದನ್ನೂ ನೋಡಬಹುದು.

ಟಿಪ್ಪಣಿ ಬರೆದಿಡಿ, ಆದರೆ ಅಂಕ ಕೊಡಬೇಡಿ. ನನ್ನ ಪುಸ್ತಕದ ಒಂದು ಪುಟ ಹೀಗಿದೆ: ‘ತುಂಬಿ ಐದು ವಾರ. ಮೊದಲ ಮೂಸು ನಿಂಬೆಸಿಪ್ಪೆ, ಹಿಂದೆಯೇ ದವನ. ಗುಟುಕಿನಲ್ಲಿ ಬ್ರೆಡ್, ಉಸಿರಿನಲ್ಲಿ ಕೊತ್ತಂಬರಿ ಬೀಜ. ಕಹಿ ಎಂಟರಲ್ಲಿ ತುದಿ, ಇಪ್ಪತ್ತೆರಡಕ್ಕೆ ಇಳಿಯಿತು. ಒಗರಿಲ್ಲ. ಬೆಚ್ಚಗಾದ ಮೇಲೆ ಜೇನು.’ ಇಷ್ಟು ಸಾಕು. ಮುಂದಿನ ಸಲ ಅದೇ ಬಿಯರ್ ಕೈಗೆ ಬಂದಾಗ ಕುಡಿದು ಮುಗಿಯುವವರೆಗೂ ಆ ಪುಟ ತೆರೆಯಬೇಡಿ.

ಇದೆಲ್ಲ ರೂಢಿಯಾದ ಮೇಲೆ ಒಂದು ಕೊನೆಯ ಅಭ್ಯಾಸ ಮಾಡಿ. ಒಂದೇ ದಿನ ತುಂಬಿದ ಎರಡು ಬಾಟಲಿ ತಂದು, ಒಂದನ್ನು ಫ್ರಿಜ್‌ನಲ್ಲೂ ಇನ್ನೊಂದನ್ನು ಅಡುಗೆಮನೆಯ ಅಟ್ಟದ ಮೇಲೂ ಆರು ವಾರ ಇಡಿ. ಆಮೇಲೆ ಎರಡನ್ನೂ ಒಂದೇ ತಂಪಿಗೆ ತಂದು, ಯಾವುದು ಯಾವುದೆಂದು ತಿಳಿಯದಂತೆ ಮನೆಯವರಿಂದ ಸುರಿಸಿ. ಅಟ್ಟದ ಬಾಟಲಿಯಲ್ಲಿ ನಿಂಬೆ, ಹೂವು ಮಾಸಿ, ಮಳೆಗೆ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ಮೇಲೆದ್ದಿರುತ್ತದೆ. ಆ ಲೋಟವನ್ನು ಕೂಡಲೇ ಚೆಲ್ಲಬೇಡಿ. ಅದನ್ನು ಒಮ್ಮೆ, ಒಳ್ಳೆಯದನ್ನು ಒಮ್ಮೆ, ನಾಲ್ಕೈದು ಸಲ ಬದಲಾಯಿಸಿ ಮೂಸಿ.